ಹೂಂಗುಟ್ಟುವವರಿಲ್ಲದ ಮಾತು

"ಮದ್ವೆ ಆಗಿ ಮಗು ಆದ್ಮೇಲೆ ಡಿಗ್ರಿ ಮುಗ್ಸದು ಅಂದ್ರೆ ಅದು ಆಗೋ ಮಾತಲ್ಲ ಬುಡವ್ವ" ಎಂದವರು ನಮ್ಮ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ಅಂತರಸಂತೆಯ ನಮ್ಮ ಮನೆಗೆ ಅವರೇ ಹಿರಿಯರು. ಆ ಮಾತಿನಲ್ಲಿ ಸಿಟ್ಟಾಗಲಿ ಅಸೂಯೆಯಾಗಲಿ ಇರಲಿಲ್ಲ. ಈ ಸಲ ಹತ್ತಿ ಅಷ್ಟಕ್ಕಷ್ಟೇ ಎಂದು ಹೇಳುವಾಗಿನ ದನಿಯಲ್ಲೇ, ಎಲೆಗೆ ಸುಣ್ಣ ಸವರಿಕೊಳ್ಳುತ್ತಾ ಹೇಳಿದರು. ಹೇಳುವುದಕ್ಕೆ ಆಧಾರವೂ ಇತ್ತು. ನಮ್ಮ ಕಡೆ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ನಾನು ಅದನ್ನು ದಾಟಿ, ಪಿಯುಸಿ ದಾಟಿ, ನಮ್ಮ ತಾಲ್ಲೂಕಿನ ಪಟ್ಟಣವಾದ ಕೋಟೆಯ ಕಾಲೇಜಿನಲ್ಲಿ ಬಿ.ಎ. ಎರಡು ವರ್ಷ ಓದಿ, ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮದುವೆಯಾಗಿ ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಬಂದುಬಿಟ್ಟಿದ್ದೆ. ಆಮೇಲೆ ಮಗಳು ಹುಟ್ಟಿದಳು. ಓದಿದ ಆ ಎರಡು ವರ್ಷ ಅಟ್ಟದ ಮೇಲಿಟ್ಟ ಹಿತ್ತಾಳೆ ಪಾತ್ರೆಯ ಹಾಗೆ, ಇದೆ ಅನ್ನುವುದಕ್ಕೆ ಇತ್ತು, ಬಳಕೆಗೆ ಇಳಿದಿರಲಿಲ್ಲ.

ಈಗ ನಾನು ಪದವೀಧರೆ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿದವರ ಮನೆಯಲ್ಲಿ ಹುಟ್ಟಿದವರು ಇದನ್ನು ಮೆಲ್ಲಗೆ ಹೇಳಿಕೊಳ್ಳಬಹುದೇನೋ. ನನಗೆ ಅಷ್ಟು ಮೆಲ್ಲಗೆ ಹೇಳಲು ಬರುವುದಿಲ್ಲ. ಆದರೆ ಆ ಪದವಿ ನನ್ನ ಕೈಗೆ ಬಂದದ್ದರಲ್ಲಿ ಪುಸ್ತಕಗಳ ಪಾಲು ಎಷ್ಟೋ, ಫೋನಿನಲ್ಲಿ ಬಿಟ್ಟ ಒಂದು ಮಾತಿನ ಪಾಲೂ ಅಷ್ಟೇ ಇದೆ. ಮೊನ್ನೆ ನನ್ನ ಫೋನು ಜಾಗ ಇಲ್ಲ ಎಂದು ಹಟ ಹಿಡಿಯಿತು. ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಹಳೆಯದನ್ನೆಲ್ಲ ಅಳಿಸುತ್ತಾ ಹೋದೆ. ಶುಭೋದಯದ ಹೂಗಳು ಹೋದವು, ಯಾರದೋ ಗೃಹಪ್ರವೇಶದ ಕಾರ್ಡುಗಳು ಹೋದವು. ವಾಯ್ಸ್ ಮೆಸೇಜುಗಳ ಹತ್ತಿರ ಬಂದಾಗ ಬೆರಳು ನಿಧಾನವಾಯಿತು. ಅಲ್ಲೊಂದು ನಮ್ಮ ಅತ್ತೆಯದು, ನನ್ನ ಫೋನಿನಿಂದ ನಮ್ಮವ್ವನಿಗೆ ಕಳಿಸಿದ್ದು. ಉದ್ದನೆಯದು, ಅದರಲ್ಲಿ ಅರ್ಧಕ್ಕೂ ಹೆಚ್ಚು ಬರೀ ಮೌನ. ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಕಡೆಯ ಜನ ಮಾತನ್ನು ಬಿಟ್ಟುಬರುವ ರೀತಿಯನ್ನೇ ಮೊದಲು ಹೇಳಬೇಕು.

ನಮ್ಮ ತವರುಮನೆ ಇರುವುದು ಊರಾಚೆ, ಕಾಡಿನ ಕಡೆಗೆ. ಅಲ್ಲಿ ಫೋನು ಎಂದರೆ ಹೊತ್ತು ನೋಡುವುದಕ್ಕೆ, ಟಾರ್ಚು ಬಿಡುವುದಕ್ಕೆ. ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ದಿಬ್ಬ ಹತ್ತಬೇಕು. ಅಲ್ಲೂ ನೇರವಾಗಿ ಮಾತಾಡಿದರೆ ಮಾತು ತುಂಡು ತುಂಡಾಗಿ ಬರುತ್ತದೆ. 'ಅವ್ವ' ಎಂದದ್ದು 'ವ್ವ' ಆಗಿ, ಆಮೇಲೆ ಅದೂ ಇಲ್ಲವಾಗುತ್ತದೆ. ಅದಕ್ಕೇ ವಾಯ್ಸ್ ಮೆಸೇಜು. ಅವ್ವನಿಗೆ ಓದು ಬಾರದು. ನನ್ನ ತಮ್ಮ ತನ್ನ ಹಳೆಯ ಫೋನು ಕೊಟ್ಟು, ಎಲ್ಲಿ ಒತ್ತಬೇಕು, ಬಾಣದ ಗುರುತು ಎಲ್ಲಿದೆ ಎಂದು ಕಲಿಸಿದ. ಸಂಜೆ ಎಮ್ಮೆ ಕಟ್ಟುವ ಮೊದಲು ಅವ್ವ ದಿಬ್ಬ ಹತ್ತುತ್ತಾಳೆ, ಆನೆಯ ಭಯಕ್ಕೆ ತಮ್ಮನೂ ಜೊತೆಗೆ. ಬಂದದ್ದನ್ನು ಕೇಳಿಸಿಕೊಂಡು, ಹೇಳುವುದನ್ನು ಹೇಳಿ, ಕತ್ತಲಾಗುವ ಮುಂಚೆ ಇಳಿಯುತ್ತಾಳೆ.

ಅವ್ವನ ಮೆಸೇಜು ಹೇಗಿರುತ್ತದೆಂದರೆ, ಮೊದಲು "ಊಟ ಆಯ್ತಾ ಮಗ?" ಎಂದು ಕೇಳಿ ಸುಮ್ಮನಾಗುತ್ತಾಳೆ. ಉತ್ತರ ಬರುವಷ್ಟು ಹೊತ್ತು ಕಾಯುತ್ತಾಳೆ. ಆಮೇಲೆ "ಸರಿ" ಎಂದು ತಾನೇ ಒಪ್ಪಿಕೊಂಡು ಮುಂದುವರಿಯುತ್ತಾಳೆ. ಯಾರ ಹಸು ಕರು ಹಾಕಿತು, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಎಲ್ಲಾ ಆಗುತ್ತದೆ. ಕೊನೆಗೆ "ಬತ್ತೀನಿ ಕಣ್ ಮಗ" ಎಂದು ಎದ್ದುಬಿಡುತ್ತಾಳೆ. ಮಾತು ಮುಗಿದರೆ ಮೆಸೇಜೂ ಮುಗಿಯಿತು ಎಂದು ಅವಳ ಲೆಕ್ಕ. ಕಳಿಸುವ ಬಾಣ ಒತ್ತುವುದು ನೆನಪಿರುವುದಿಲ್ಲ. ಫೋನು ಕುಪ್ಪಸದೊಳಗೆ ಸೇರಿ ಅಲ್ಲೇ ಕೇಳುತ್ತಾ ಕೂರುತ್ತದೆ. ಮನೆಗೆ ಹೋದ ಮೇಲೆ ತಮ್ಮ ಬಾಣ ಒತ್ತುತ್ತಾನೆ, ಮಾರನೇ ದಿನ ದಿಬ್ಬ ಹತ್ತಿದಾಗ ಅದು ನನಗೆ ಬಂದು ಬೀಳುತ್ತದೆ. ನಿಜ ಹೇಳಬೇಕೆಂದರೆ, ಹೇಳಲೆಂದು ಹೇಳಿದ ಮಾತಿಗಿಂತ ಈ ಬಾಲವೇ ನನಗೆ ಹೆಚ್ಚು ಇಷ್ಟ. ದಿಬ್ಬ ಇಳಿಯುವಾಗಿನ ಏದುಸಿರು, ಮೇಕೆಯನ್ನು ಬೈಯುವುದು, ದಾರಿಯಲ್ಲಿ ಸಿಕ್ಕವರ ಜೊತೆ ನನ್ನ ವಿಷಯ ಆಡುವುದು. ಒಂದು ಸಲ ಯಾರಿಗೋ "ನನ್ ಮಗ್ಳು ಸಣ್ಣಕಾಗವ್ಳೆ, ದನೀಲೇ ಗೊತ್ತಾಯ್ತದೆ" ಅನ್ನುತ್ತಿದ್ದಳು. ನಾನು ಆಗ ದಪ್ಪಗಾಗಿದ್ದೆ.

ನಗುವ ಹಕ್ಕು ನನಗೇನೂ ಇಲ್ಲ. ಹುಣಸೂರಿನ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆಯೇ ಎಂದು ಅಲ್ಲಿನ ಮೇಡಂ ಒಬ್ಬರನ್ನು ವಿಚಾರಿಸಬೇಕಿತ್ತು. ಕರೆ ಮಾಡಿದರೆ ತರಗತಿಯಲ್ಲಿದ್ದೇನೆ, ವಾಯ್ಸ್ ಹಾಕಿ ಎಂದು ಬರೆದು ಕಳಿಸಿದರು. ನಾನು ಬಚ್ಚಲಮನೆಯಲ್ಲಿ ನಿಂತು ಮಾತನ್ನು ಬಾಯಿಪಾಠ ಮಾಡಿಕೊಂಡು, ಹೊರಗೆ ಬಂದು ಶುರು ಮಾಡಿದೆ. ನನ್ನ ದನಿ ನನಗೇ ಹಿಡಿಸದೆ ಅಳಿಸಿದೆ. ಇನ್ನೊಮ್ಮೆ ಹೇಳಿದೆ, ಕೋಳಿ ಕೂಗಿತು. ಮತ್ತೊಮ್ಮೆ ಬಹಳ ಅಚ್ಚುಕಟ್ಟಾಗಿ "ನಮಸ್ತೆ ಮೇಡಂ, ನಾನು ಭಾಗ್ಯ ಅಂತ" ಎಂದು ಶುರುಮಾಡಿ, ಅರ್ಧ ದಾರಿಗೆ ಬಂದಿದ್ದೇನೆ, ಮಗಳು ಎದುರಿಗೆ ಬಂದಳು. "ಮೂಗಿಂದ ಬೆರಳು ತೆಗಿ" ಎಂದೆ. ಅಷ್ಟರಲ್ಲಿ ನನ್ನ ಬೆರಳು ಜಾರಿ ಮೆಸೇಜು ಹೋಗೇಬಿಟ್ಟಿತು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಸ್ವಲ್ಪ ಹೊತ್ತಿಗೆ ಮೇಡಮ್ಮಿನ ಉತ್ತರ ಬಂತು: ಶನಿವಾರದೊಳಗೆ ಬಂದರೆ ಸೇರಿಸಿಕೊಳ್ಳಬಹುದು, ಆಮೇಲೆ ಈ ವರ್ಷಕ್ಕೆ ಆಗುವುದಿಲ್ಲ. ಕೆಳಗೆ ಇನ್ನೊಂದು ಸಾಲು: ಬೆರಳು ತೆಗೆದಳಾ?

ನನ್ನ ಪುಣ್ಯಕ್ಕೆ ಅಂಥ ಮೇಡಂ ಸಿಕ್ಕರು.

ಫೋನಿಗೂ ಮುಂಚೆ ನಮ್ಮಲ್ಲಿ ಮಾತು ಕಳಿಸುವುದು ಎಂದರೆ ಜನರ ಕೈಲಿ ಕಳಿಸುವುದು. ಹ್ಯಾಂಡ್‌ಪೋಸ್ಟ್‌ನ ಕೂಡುರಸ್ತೆಯ ಟೀ ಅಂಗಡಿಯಲ್ಲಿ ಹೇಳಿಟ್ಟರೆ, ಯಾವುದೋ ಬಸ್ಸಿಗೆ ನಮ್ಮೂರ ಕಡೆಯವರು ಹತ್ತುವಾಗ ಅಂಗಡಿಯವರು ಹೇಳಿ ಕಳಿಸುತ್ತಿದ್ದರು. ಊರೊಳಗಾದರೆ ನಮ್ಮಂಥ ಮಕ್ಕಳು. ನನ್ನನ್ನು ಎಷ್ಟು ಮನೆಗೆ ಹಾಗೆ ಓಡಿಸಿದ್ದಾರೋ. ಹೋಗಿ ನಿಂತ ಕೂಡಲೇ ಬಾಯಿಬಿಡಬಾರದು, ಅದು ಮೊದಲನೇ ಪಾಠ. ಅವರು ಕೂರಿಸಿ ನೀರೋ ಬೆಲ್ಲವೋ ಕೊಡುವವರೆಗೆ ಸುಮ್ಮನಿರಬೇಕು. ಓಡಿಬಂದು ಬಾಗಿಲಲ್ಲೇ ಒದರಿದರೆ ಅದು ಸಾವಿನ ಸುದ್ದಿ ಎಂದು ಗಾಬರಿಯಾಗುತ್ತಾರೆ. ಆಮೇಲೆ, ಹೇಳಿದ ಮೇಲೆ ಅವರ ಮುಖ ನೋಡಿಕೊಂಡು ಬರಬೇಕು. ಮನೆಗೆ ಬಂದರೆ ಅವ್ವ ಕೇಳುತ್ತಿದ್ದುದೇ ಅದು. ಏನಂದ್ರು ಎಂದಲ್ಲ, ಹೇಳುವಾಗ ಹೂಂ ಅಂದರಾ ಎಂದು.

ಈ ಹೂಂ ನಮ್ಮ ಕಡೆ ಚಿಲ್ಲರೆ ವಿಷಯವಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಚಪ್ಪರದಡಿ ಹೆಂಗಸರೆಲ್ಲ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎನ್ನುವ ಒಣಗಿಸುವ ಮನೆಯೊಳಗೆ ಏರಿಸಿ, ಬೆಂಕಿ ಹಾಕಿ ಎಲೆ ಹದಮಾಡುವುದು. ಕಟ್ಟುವಾಗ ಕೈಗೆಲ್ಲ ಕಪ್ಪು ಅಂಟು ಮೆತ್ತಿಕೊಂಡು ತುರಿಕೆ ಬಂದರೂ ಕೆರೆದುಕೊಳ್ಳುವಂತಿಲ್ಲ. ಆ ಬೇಸರ ಕಳೆಯಲು ನಮ್ಮಜ್ಜಿ ಕಥೆ ಹೇಳುತ್ತಿದ್ದಳು, ಹೂಂಗುಟ್ಟುವ ಕೆಲಸ ನನ್ನದು. ನಾನು ತೂಕಡಿಸಿ ಹೂಂ ತಪ್ಪಿದರೆ ಕಥೆ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಯೊಳಗೆ ಅರ್ಧ ಇಳಿದಿದ್ದರೂ ಅಲ್ಲೇ ಇರಬೇಕು. ಯಾಕೆ ನಿಲ್ಲಿಸಿದೆ ಎಂದರೆ, "ಯಾರ್ಗ್ ಯೋಳ್ಲಿ? ಗ್ವಾಡೆಗಾ?" ಎನ್ನುತ್ತಿದ್ದಳು. ಹೂಂ ಅಂದವರಿಗೆ ಮಾತು ಹೇಳಿದಂತೆ. ಹೂಂ ಅನ್ನದವರು ಎದುರಿಗೆ ಕೂತಿದ್ದರೂ ಅವರಿಗೆ ಹೇಳಿದಂತಲ್ಲ. ನಮ್ಮೂರ ಪಂಚಾಯಿತಿಕಟ್ಟೆಯಲ್ಲೂ ಹೀಗೇ. ದೊಡ್ಡಪ್ಪ ಹೂಂ ಎನ್ನದೆ ತಲೆ ತಗ್ಗಿಸಿ ಎಲೆ ಅಗಿಯುತ್ತಾ ಕೂತರೆ, ಆ ಮಾತನ್ನು ಇನ್ನೂ ಯಾರೂ ಆಡಿಲ್ಲ ಎಂದೇ ಅರ್ಥ.

ಈಗ ಯೋಚಿಸಿ, ಅಂಥವರ ಕೈಗೆ ಈ ವಾಯ್ಸ್ ಮೆಸೇಜು ಕೊಟ್ಟರೆ ಏನಾಗಬೇಕು. ಬಸ್ಸಿನಲ್ಲಿ ನೋಡುತ್ತೇನೆ, ಗುರುಪುರದ ಪಕ್ಕದ ಟಿಬೆಟಿಯನ್ ಕ್ಯಾಂಪಿನಿಂದ ಹತ್ತುವ ಲಾಮಾಗಳು ಫೋನನ್ನು ರೊಟ್ಟಿಯ ಹಾಗೆ ಬಾಯಿಯ ಹತ್ತಿರ ಅಡ್ಡ ಹಿಡಿದು ತಮ್ಮ ಭಾಷೆಯಲ್ಲಿ ಹರಿಯುವ ನೀರಿನಂತೆ ಹೇಳಿಕೊಂಡು ಹೋಗುತ್ತಾರೆ. ಆ ಕಡೆಯವರು ಯಾವ ದೇಶದಲ್ಲಿರುತ್ತಾರೋ. ಅವರಿಗೆ ಅದು ಅಭ್ಯಾಸವಾಗಿದೆ. ನಮ್ಮ ಅತ್ತೆಗೆ ಆಗಿರಲಿಲ್ಲ.

ಮೇಡಮ್ಮಿನ ಉತ್ತರ ಬಂದಾಗ ನಮ್ಮ ಮನೆಯ ಸ್ಥಿತಿ ಹೀಗಿತ್ತು. ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಯಜಮಾನರು ಗೂಡ್ಸ್ ಆಟೋ ಓಡಿಸಲು ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮಾವ ಇಲ್ಲ. ಹೊಲ, ಬ್ಯಾರನ್ ಎರಡನ್ನೂ ಹಿಡಿದು ನಿಂತವರು ಅತ್ತೆಯೇ. ನಾನು ಕಾಲೇಜಿಗೆ ಹೋಗಬೇಕೆಂದರೆ ಹಗಲು ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು. ಆ ಒಬ್ಬರು ನಮ್ಮವ್ವನೇ, ಬೇರೆ ಯಾರೂ ಇಲ್ಲ. ಅವ್ವ ಬಂದು ವರ್ಷ ಇದ್ದರೆ ಡಿಗ್ರಿ, ಬಾರದಿದ್ದರೆ ದೊಡ್ಡಪ್ಪನ ಮಾತು.

ಕರೆದರೆ ಬಂದುಬಿಡುತ್ತಾಳೆ ಎಂದುಕೊಳ್ಳಬೇಡಿ. ಮಗಳ ಮನೆಗೆ ಮಗಳು ಕರೆದಳೆಂದು ತಾಯಿ ಗಂಟುಮೂಟೆ ಕಟ್ಟಿಕೊಂಡು ಬಂದು ವರ್ಷಗಟ್ಟಲೆ ಇರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದು ಬೀಗರ ಮನೆ. ಬೀಗಿತ್ತಿ ಬಾಯಿಬಿಟ್ಟು ಕರೆಯಬೇಕು, ಅದೂ ಬಾಗಿಲಿಗೆ ಬಂದು, ಎಲೆಅಡಿಕೆ ಕೊಟ್ಟು. ಅತ್ತೆಗೂ ಇದು ಗೊತ್ತು. ನಾನು ಓದು ಮುಗಿಸುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ, ಬಸ್ಸು ಎಷ್ಟು ಹೊತ್ತಿಗೆ ಎಂದು. ಬೇಡ ಎನ್ನಲಿಲ್ಲ. ಆದರೆ ಆ ವಾರ ಬ್ಯಾರನ್ನಿಗೆ ಬೆಂಕಿ ಹಾಕಿಯಾಗಿತ್ತು. ಒಮ್ಮೆ ಬೆಂಕಿ ಹಾಕಿದರೆ ಎಲೆ ಹದಕ್ಕೆ ಬರುವವರೆಗೆ ಬಿಟ್ಟು ಏಳುವಂತಿಲ್ಲ. ಶಾಖ ಸ್ವಲ್ಪ ಹೆಚ್ಚುಕಡಿಮೆಯಾದರೂ ವರ್ಷದ ದುಡಿಮೆ ಕಪ್ಪಗಾಗುತ್ತದೆ. ಗುರುಪುರದಿಂದ ಹುಣಸೂರು, ಅಲ್ಲಿಂದ ಹ್ಯಾಂಡ್‌ಪೋಸ್ಟ್, ಅಲ್ಲಿಂದ ಅಂತರಸಂತೆ ಎಂದರೆ ಒಂದು ದಿನ ಹೋಯಿತು. ಶನಿವಾರ ಕಾಯುವುದಿಲ್ಲ. ಹಾಗಾಗಿ ಫೋನಿನಲ್ಲೇ ಕರೆಯುವುದು ಎಂದಾಯಿತು. ಇದು ನನ್ನ ಉಪಾಯ. ಓದಿದವಳಲ್ಲವೇ.

ಗುಂಡಿ ಒತ್ತಿ ಫೋನು ಅತ್ತೆಯ ಮುಂದೆ ಹಿಡಿದೆ. ಅವರು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಬೀಗ್ತಮ್ಮ" ಎಂದರು. ಸುಮ್ಮನಾದರು. ಸ್ವಲ್ಪ ಹೊತ್ತು ನೋಡಿ ಲೈನು ಕಟ್ಟಾಗಿದೆ ಎಂದು ಫೋನು ನನ್ನ ಕೈಗೇ ಕೊಟ್ಟರು. ಇಲ್ಲ ಅತ್ತೆ, ನೀವು ಹೇಳ್ತಾ ಹೋಗಬೇಕು ಎಂದೆ. ಮತ್ತೆ "ಬೀಗ್ತಮ್ಮ" ಎಂದರು, ಮತ್ತೆ ನಿಂತರು. ಊಂ ಅನ್ನೋರೇ ಇಲ್ಲದೆ ಹೆಂಗೆ ಮಾತಾಡೋದು, ನಾನೇನು ಮೈಮೇಲೆ ದ್ಯಾವ್ರು ಬಂದೋಳಾ ಎಂದು ರೇಗಿದರು. ನಾನು ಹೂಂ ಅನ್ನುತ್ತೇನೆ ಎಂದರೆ ಅದೂ ಆಗದು, ನನ್ನ ವಿಷಯಕ್ಕೆ ನಾನೇ ಹೂಂಗುಟ್ಟುವುದು ಚೆನ್ನಾಗಿರುವುದಿಲ್ಲವಂತೆ. ಆ ಹೊತ್ತಿಗೆ ಸೊಪ್ಪು ಕಟ್ಟಲು ಬಂದಿದ್ದ ಪಕ್ಕದ ಮನೆಯ ಸಾಕಮ್ಮ, ಅದಕ್ಯಾಕೆ ಇಷ್ಟೊಂದು ಒದ್ದಾಡ್ತೀರಿ, ನಾನು ಕೂರ್ತೀನಿ ಎಂದು ಕೈ ಒರೆಸಿಕೊಂಡು ಬಂದು ಕೂತರು.

ಸಾಕಮ್ಮ ಕೂತದ್ದೇ ಕೂತದ್ದು, ಮಾತು ಹರಿಯಿತು. ಅತ್ತೆ ಸಾಕಮ್ಮನ ಮುಖ ನೋಡಿಕೊಂಡು ಅವ್ವನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಸಾಕಮ್ಮ ಹೂಂಗುಟ್ಟುವುದರಲ್ಲಿ ಪಳಗಿದವರು. ಚಿಕ್ಕ ಮಾತಿಗೆ ಚಿಕ್ಕ ಹೂಂ, ದೊಡ್ಡ ಮಾತಿಗೆ ಎಳೆದ ಹೂಂ, ನಡುವೆ "ಅಯ್ಯೋ ಪಾಪ" ಒಂದೆರಡು, ಕೊನೆಗೆ "ಅಂಗೇ ಮಾಡಿ, ಬತ್ತಾರೆ ಬುಡಿ" ಎಂದು ತೀರ್ಮಾನವನ್ನೂ ಕೊಟ್ಟರು. ನಾನು ಕಳಿಸಿದೆ. ಇಷ್ಟು ಸುಲಭದ ಕೆಲಸಕ್ಕೆ ಹಿಂದಿನವರು ಎಲೆಅಡಿಕೆಯ ತಟ್ಟೆ ಹಿಡಿದು ಬಸ್ಸು ಹತ್ತುತ್ತಿದ್ದರಲ್ಲ ಎಂದು ಒಳಗೊಳಗೇ ಬೀಗಿದೆ.

ಸಂಜೆ ನೀಲಿ ಗುರುತು ಬಿತ್ತು, ಅವ್ವ ಕೇಳಿದ್ದಾಳೆ ಎಂದು. ಉತ್ತರ ಬರಲಿಲ್ಲ. ಮಾರನೇ ದಿನವೂ ಇಲ್ಲ. ಈ ನೀಲಿ ಗುರುತಿನಂಥ ಹಿಂಸೆ ಇನ್ನೊಂದಿಲ್ಲ. ಮುಂಚೆ ಮಾತು ಮುಟ್ಟಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳಲು ದಾರಿಯಿತ್ತು. ಈಗ ಮುಟ್ಟಿದೆ, ಕೇಳಿದ್ದಾರೆ, ಕೇಳಿ ಸುಮ್ಮನಿದ್ದಾರೆ ಎಂಬುದೂ ಗೊತ್ತಾಗಿಬಿಡುತ್ತದೆ. ಆ ದಿನವೆಲ್ಲ ನಾನು ಫೋನು ತೆಗೆಯುವುದು, ಇಡುವುದು. ಅದರ ಮರುದಿನ ಅವ್ವನ ಮೆಸೇಜು ಬಂತು. ಊಟ ಆಯ್ತಾ ಎಂದು ಕೇಳಿರಲಿಲ್ಲ, ಬಾಲವೂ ಇರಲಿಲ್ಲ. "ಸಾಕಮ್ಮೋರು ಊಂ ಅಂದವ್ರಲ್ಲ ಮಗ. ಅವ್ರಿಗೇ ಯೋಳಾಯ್ತಲ್ಲ. ಕೂಸ್ನೂ ಅವ್ರೇ ನೋಡ್ಕತಾರೆ ಬುಡು." ಅಷ್ಟೇ.

ನನಗೆ ತಲೆ ಕೆಟ್ಟಿತು. ಇದೆಂಥ ಹಟ, ಯಾರು ಹೂಂ ಅಂದರೇನು, ವಿಷಯ ಮುಟ್ಟಿತಲ್ಲ ಎಂದು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಶನಿವಾರಕ್ಕೆ ನಡುವೆ ಎರಡೇ ದಿನ ಉಳಿದಿತ್ತು. ಅತ್ತೆಗೆ ಕೇಳಿಸಿದರೆ ಅವರೂ ಮುನಿಸಿಕೊಂಡು ಎಲ್ಲ ಮುರಿದುಬಿದ್ದೀತು ಎಂಬ ಹೆದರಿಕೆ ಬೇರೆ. ಆದರೆ ಮುಚ್ಚಿಡುವುದು ಹೇಗೆ. ಬ್ಯಾರನ್ ಹತ್ತಿರ ಹೋಗಿ ಕೇಳಿಸಿದೆ. ಅತ್ತೆ ಸೌದೆ ಒಳಕ್ಕೆ ತಳ್ಳುತ್ತಾ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ.

"ಸರ್ಯಾಗೇ ಅಂದವ್ರೆ," ಎಂದರು. "ನಾನಾಗಿದ್ರೂ ಅಂಗೇ ಅಂತಿದ್ದೆ. ಅವ್ರನ್ನ ಕರ್ಯೋ ಮಾತ್ಗೆ ಬ್ಯಾರೇರ್ ಕೈಲಿ ಊಂ ಅನ್ಸಿದ್ದು ತಪ್ಪಲ್ವಾ?"

ಆ ಹೊತ್ತು ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನನಗೆ ಅದುವರೆಗೂ ಹೊಳೆದೇ ಇರಲಿಲ್ಲ. ಅವ್ವ ಆ ದಿಬ್ಬದ ಮೇಲೆ ನಿಂತು ಕೇಳಿಸಿಕೊಂಡದ್ದು ಕರೆಯನ್ನಲ್ಲ, ತನ್ನ ವಿಷಯವನ್ನು ಇನ್ನಿಬ್ಬರು ಕೂತು ಆಡಿ ಮುಗಿಸಿದ್ದನ್ನು. ಗೋಡೆಯಾಚೆಗಿನ ಮಾತು ಕಿವಿಗೆ ಬಿದ್ದಂತೆ. ಅವಳು ಹೂಂ ಅನ್ನಬೇಕಾದ ಜಾಗದಲ್ಲೆಲ್ಲ ಸಾಕಮ್ಮ ಕೂತಿದ್ದರು. ಅವಳಿಗೆ ಎಲ್ಲಿತ್ತು ಜಾಗ?

ಅತ್ತೆ ಕೈ ಕೊಡವಿಕೊಂಡು, ಒತ್ತುವುದನ್ನು ಒತ್ತಿ ಇಲ್ಲಿಟ್ಟು ಹೋಗು, ಸಾಕಮ್ಮನನ್ನೂ ಈ ಕಡೆ ಬಿಡಬೇಡ ಎಂದರು. ಬ್ಯಾರನ್ ಒಲೆಯ ಪಕ್ಕದ ಇಟ್ಟಿಗೆಯ ಮೇಲೆ ಫೋನು ಇಟ್ಟು ನಾನು ಬಂದುಬಿಟ್ಟೆ. ದೂರದಿಂದ ನೋಡಿದರೆ ಕುಕ್ಕರಗಾಲಿನಲ್ಲಿ ಕೂತ ಒಬ್ಬ ಹೆಂಗಸು ಇಟ್ಟಿಗೆಯ ಜೊತೆ ಮಾತಾಡುವಂತಿತ್ತು. ಬಹಳ ಹೊತ್ತಾದ ಮೇಲೆ ಕೂಗಿ ಕರೆದರು. ಕಳಿಸುವ ಮುಂಚೆ ಒಮ್ಮೆ ಕೇಳುತ್ತೇನೆ ಎಂದೆ. ಕೇಳು ಎಂದರು.

"ಬೀಗ್ತಮ್ಮ, ನಾನು," ಎಂದು ಶುರುವಾಗಿತ್ತು. ಆಮೇಲೆ ಏನೂ ಇಲ್ಲ. ಸೌದೆ ಚಟಪಟ ಎನ್ನುವುದು, ದೂರದಲ್ಲಿ ಯಾವುದೋ ಟ್ರ್ಯಾಕ್ಟರು. ಮೆಸೇಜು ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ದನಿ ಬಂತು. "ಬ್ಯಾರನ್ ಮುಂದೆ ಒಬ್ಳೇ ಕುಂತಿವ್ನಿ." ಮತ್ತೆ ಮೌನ. "ಮೊನ್ನೆದು ನನ್ನಿಂದ ತಪ್ಪಾಯ್ತು." ಮೌನ. "ನಿಮ್ ಬಾಗ್ಲುಗೇ ಬಂದು ಕರೀಬೇಕಿತ್ತು. ಬೆಂಕಿ ಬುಟ್ಟು ಬರೋಕಾಯ್ತಿಲ್ಲ." ಇಲ್ಲಿ ಮೌನ ಸ್ವಲ್ಪ ಉದ್ದವಿತ್ತು. ನಡುವೆ ಒಂದು ಕೋಳಿ ಹಾದುಹೋಯಿತು. "ನಿಮ್ ಮಗ್ಳು ಓದ್ತೀನಿ ಅಂತಾವ್ಳೆ. ನನ್ಗೂ ಆಸೆ ಅದೆ. ನಮ್ಮನೇಲಿ ಒಬ್ರಾದ್ರೂ ಓದ್ದೋರು ಇರ್ಲಿ ಅಂತ." ಮೌನ. "ನೀವ್ ಬಂದ್ರೆ ಆಯ್ತದೆ. ಇಲ್ದಿದ್ರೆ ಇಲ್ಲ." ಮೌನ. "ನಿಮ್ಮನೆ ಅಂದ್ಕಂಡೇ ಬನ್ನಿ."

ಮೊದಲನೇ ಮೌನಕ್ಕೆ ನನಗೆ ನಗು ಬಂದಿತ್ತು. ಎಲ್ಲೋ ನಡುವೆ, ನನಗೆ ಗೊತ್ತಿಲ್ಲದೆ ನಾನೇ ಹೂಂ ಅನ್ನುತ್ತಿದ್ದೆ. ತಟ್ಟನೆ ಬಾಯಿ ಮುಚ್ಚಿಕೊಂಡೆ. ಅದು ನನ್ನ ಜಾಗವಲ್ಲ.

ಕಳಿಸಿದ ಮೇಲೆ ನಡೆದದ್ದನ್ನು ತಮ್ಮ ಆಮೇಲೆ ಹೇಳಿದ. ಸಂಜೆ ದಿಬ್ಬದ ಮೇಲೆ ಅವ್ವ ಬಾಣ ಒತ್ತಿ, ಫೋನು ಕಿವಿಗಿಟ್ಟುಕೊಂಡು, ಸುಮ್ಮನೆ ನಿಂತಿದ್ದಳಂತೆ. ಎರಡನೇ ಮಾತು ಮುಗಿದ ಮೇಲೆ ಅಲ್ಲೇ ಕುಳಿತಳಂತೆ. ಆಮೇಲೆ ಊಂ ಎಂದಳಂತೆ. ಮತ್ತೆ ಊಂ. ಒಂದು ಕಡೆ ಅತ್ತೆ ಬೇಗ ಮುಂದಿನ ಮಾತಿಗೆ ಹೋಗಿರಬೇಕು, ಅಲ್ಲಿ "ಇರಿ ಬೀಗ್ತಮ್ಮ" ಎಂದು ಫೋನಿಗೆ ಹೇಳಿ, ತಮ್ಮನಿಂದ ಹಿಂದಕ್ಕೆ ಎಳೆಸಿ ಮತ್ತೆ ಕೇಳಿದಳಂತೆ. ಕತ್ತಲಾಯ್ತದೆ ನಡಿಯವ್ವ ಎಂದು ಇವನು ಅವಸರ ಮಾಡಿದರೆ, ದೊಡ್ಡೋರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಗದರಿದಳಂತೆ.

ಉತ್ತರದ ಮೆಸೇಜು ಬರಲೇ ಇಲ್ಲ. ಶುಕ್ರವಾರ ಮಧ್ಯಾಹ್ನ ಅವ್ವನೇ ಬಸ್ಸಿಳಿದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ರಾಗಿಹಿಟ್ಟು, ಹುರುಳಿಕಾಳಿನ ಚೀಲ. ಎಮ್ಮೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದಳು. ಅತ್ತೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಎಲೆಅಡಿಕೆ ಕೊಟ್ಟು, ತಡವಾಗಿಯಾದರೂ ಆ ಲೆಕ್ಕ ತೀರಿಸಿದರು. ಶನಿವಾರ ನಾನು ಹುಣಸೂರಿಗೆ ಹೋಗಿ ಹೆಸರು ಬರೆಸಿ ಬಂದೆ.

ಆ ವರ್ಷದ ಬಗ್ಗೆ ದೊಡ್ಡದಾಗಿ ಹೇಳುವಂಥದ್ದು ಏನಿಲ್ಲ. ನನಗಿಂತ ಚಿಕ್ಕವರ ಪಕ್ಕ ಬೆಂಚಿನಲ್ಲಿ ಕೂತೆ. ಅವರು ನನ್ನನ್ನು ಅಕ್ಕ ಎಂದರು, ಕೆಲವು ಸಲ ಮೇಡಂ ಎಂದು ಎದ್ದು ನಿಂತರು. ಬಸ್ಸಿನಲ್ಲಿ ಓದಿದೆ, ಸೊಪ್ಪು ಕಟ್ಟುತ್ತಾ ಬಾಯಿಪಾಠ ಮಾಡಿದೆ. ಪುಸ್ತಕದ ಹಾಳೆಗಳ ಅಂಚಿಗೆ ಆ ಕಪ್ಪು ಅಂಟು ಇನ್ನೂ ಇದೆ. ಇಂಗ್ಲಿಷ್ ಪತ್ರಿಕೆ ಒಮ್ಮೆ ಹೋಯಿತು, ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. ಅತ್ತದ್ದೂ ಉಂಟು. ಇವೆಲ್ಲ ಓದಿದ ಎಲ್ಲರಿಗೂ ಇರುವುದೇ.

ಮನೆಯೊಳಗೆ ನಡೆದದ್ದು ಬೇರೆ. ಮೊದಮೊದಲು ಅವ್ವ ಬೀಗರ ಮನೆಯ ಬಿಗುಮಾನದಲ್ಲಿದ್ದಳು. ಮತ್ತೆ ಮತ್ತೆ ಬಲವಂತ ಮಾಡದೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿರಲಿಲ್ಲ. ಮಂಚದ ಮೇಲೆ ಕೂರುತ್ತಿರಲಿಲ್ಲ. ಅತ್ತೆಯೂ ಅಷ್ಟೇ, ಅವ್ವನಿಗೆ ಕೆಲಸ ಹೇಳಬಾರದೆಂದು ಎಲ್ಲವನ್ನೂ ತಾವೇ ಎಳೆದುಕೊಂಡು ಸುಸ್ತಾಗುತ್ತಿದ್ದರು. ಅದು ಯಾವಾಗ ಸಡಿಲವಾಯಿತೋ ಗೊತ್ತಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದರೆ ಇಬ್ಬರೂ ಚಪ್ಪರದಡಿ ಎದುರುಬದುರು ಕೂತು ಸೊಪ್ಪು ಕಟ್ಟುತ್ತಿದ್ದಾರೆ, ಮಗಳು ನಡುವೆ ಎಲೆ ಹರಡಿಕೊಂಡು ಕೂತಿದ್ದಾಳೆ. ಅತ್ತೆ ಮಾವನ ವಿಷಯ ಹೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರ ಬಾಯಿಂದ ಆ ಹೆಸರು ಬಂದದ್ದನ್ನು ನಾನು ಕೇಳಿರಲಿಲ್ಲ. ಅವ್ವ ಮಾತಿಗೊಂದು ಊಂ ಅನ್ನುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಅವ್ವ ಅಪ್ಪನ ವಿಷಯ ಹೇಳಿದಳು, ಅದು ನನಗೇ ಹೊಸದು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ಕಡೆಯಿಂದ ಒಳಗೆ ಹೋದೆ.

ಪರೀಕ್ಷೆ ಮುಗಿದ ವಾರವೇ ಅವ್ವ ಹೊರಟಳು. ಕರೆದ ಕೆಲಸ ಆದ ಮೇಲೆ ಇನ್ನೊಂದು ದಿನ ನಿಲ್ಲುವುದೂ ಸರಿಯಲ್ಲವಂತೆ. ಅತ್ತೆ ತಡೆಯಲಿಲ್ಲ, ತಡೆಯಲು ಅವರಿಗೂ ಕಾರಣ ಸಿಗಲಿಲ್ಲ. ಆ ಮಳೆಗಾಲ ಸೊಪ್ಪು ಕಟ್ಟುವಾಗ ಸಾಕಮ್ಮ ಎಷ್ಟು ಚೆಂದಾಗಿ ಹೂಂಗುಟ್ಟಿದರೂ ಅತ್ತೆ ಅರ್ಧ ಮಾತಿಗೇ ನಿಲ್ಲಿಸಿಬಿಡುತ್ತಿದ್ದರು.

ಫಲಿತಾಂಶ ಬಂದ ಸುದ್ದಿ ಹ್ಯಾಂಡ್‌ಪೋಸ್ಟ್‌ಗೆ ನನಗಿಂತ ಮುಂಚೆ ತಲುಪಿತ್ತು. ದೊಡ್ಡಪ್ಪ ಟೀ ಅಂಗಡಿಯಲ್ಲಿ ಕೂತು, ಅವಳು ಮುಗಿಸೇ ಮುಗಿಸುತ್ತಾಳೆ ಎಂದು ತಾನು ಮೊದಲೇ ಹೇಳಿದ್ದೆ ಅಂದರಂತೆ. ಅಂದುಕೊಳ್ಳಲಿ. ಅಷ್ಟು ಮಾತ್ರ ನಾನು ಬಿಟ್ಟುಕೊಡಬಲ್ಲೆ.

ಪದವಿ ಪ್ರಮಾಣಪತ್ರ ಕಾಲೇಜಿಗೆ ಬಂದಾಗ ಮತ್ತೊಂದು ವರ್ಷ ಕಳೆದಿತ್ತು. ತರಲು ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಅತ್ತೆ ಬಿಡಲಿಲ್ಲ, ಬೀಗಿತ್ತಿಯೂ ಬರಲಿ ಎಂದರು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನಮಗೆ ಜೊತೆಯಾದಳು. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ನಾನು ಸಹಿ ಮಾಡಿದೆ, ಒಳಗಿದ್ದವರು ಹೆಸರು ಓದಿ, ಮುಖ ನೋಡಿ, ಕಾಗದವನ್ನು ಕಿಟಕಿಯಿಂದ ಹೊರಗೆ ಕೊಟ್ಟರು. ಮಡಚಬೇಡಿ ಎಂದರು. ನಾನು ಅದನ್ನು ಹಾಗೇ ತಂದು ಬೆಂಚಿನ ಮೇಲೆ ಕೂತಿದ್ದ ಅವ್ವನ ಮುಂದೆ ಹಿಡಿದೆ. ಅವ್ವ ಕೈ ಚಾಚಲಿಲ್ಲ. ಮೊದಲು ನಿಮ್ಮತ್ತೆಗೆ ಕೊಡು ಎಂದಳು. ಅತ್ತೆ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು, ಹಿಡಿದುಕೊಂಡರು. ಓದು ಬಾರದ ಕಣ್ಣಿನಿಂದ ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು, ತೋರಿಸಿದೆ. ಆಮೇಲೆ ಅದನ್ನು ಅವ್ವನ ತೊಡೆಯ ಮೇಲಿಟ್ಟು ಅಂಚು ಸರಿಮಾಡಿದರು. ಕೈ ಅಲ್ಲಿಂದ ತೆಗೆಯಲಿಲ್ಲ.

"ಇವ್ಳ ಓದ್ನ ನೆಪ ಯೋಳಿ ಕರುಸ್ಕಂಡಿದ್ದೆ," ಎಂದರು. "ಅದೂ ಮುಗೀತು. ಇನ್ ಯಾವ ನೆಪ ಯೋಳಿ ಕರೀಲಿ ಬೀಗ್ತಮ್ಮ ನಿಮ್ನ?"